ಕೈಗೆ ಬಂದದ್ದು ಚೀಟಿ, ಚೀಲವಲ್ಲ

ಸುಗ್ಗಿಯಲ್ಲಿ ರಾಯಚೂರಿನ ಗಂಜ್‌ಗೆ ಹೋಗಿದ್ದೀರಾ ಮಕ್ಕಳೇ? ಕಾಲಿಡಲು ಜಾಗವಿರುವುದಿಲ್ಲ, ಭತ್ತದ ದೂಳಿಗೆ ಮೈ ತುರಿಕೆ ಬೇರೆ. ಮಾನ್ವಿಯಿಂದ ಬಂದ 12 ಚೀಲ ಅಲ್ಲಿ ಸಾಲಾಗಿ ಕೂತಿವೆ ಅಂದುಕೊಳ್ಳಿ. ಅದಕ್ಕೆ ತಾಗಿಕೊಂಡೇ ದೇವದುರ್ಗದವರ ಸಾಲು. ನಡುವೆ ಗೆರೆಯೂ ಇಲ್ಲ, ಗೋಡೆಯೂ ಇಲ್ಲ.

ಕಂಪ್ಯೂಟರಿನ ನೆನಪಿನಲ್ಲೂ ಅಂಕಿಗಳು ಹೀಗೇ ಒತ್ತೊತ್ತಾಗಿ ಕೂರುತ್ತವೆ. ಸಿ ಭಾಷೆಯಲ್ಲಿ ಆ ಸಾಲಿಗೆ ಅರೇ ಎಂದು ಹೆಸರು. ‘ಇಂಟ್ ಚೀಲ[12]’ ಎಂದು ಬರೆದರೆ 12 ಅಂಕಿಗೆ ಜಾಗ ಸಿಕ್ಕಿತು. ಈಗಿನ ಸಾಮಾನ್ಯ ಕಂಪ್ಯೂಟರುಗಳಲ್ಲಿ ಒಂದಕ್ಕೆ 4 ಬೈಟ್‌ನಂತೆ ಒಟ್ಟು 48 ಬೈಟ್.

ತೂಕ ಕೂಡಿಸಲು ‘ತೂಗು’ ಎಂಬ ಫಂಕ್ಷನ್ನನ್ನು ಕರೆಯೋಣ. ಅದನ್ನು ಹಮಾಲಣ್ಣ ಅನ್ನಿ. ಒಂದೇ ಅಂಕಿ ಕೊಟ್ಟಿದ್ದರೆ ಸಿ ಅದರ ನಕಲು ಮಾಡಿ ಕೊಡುತ್ತಿತ್ತು. ಅರೇ ಕೊಟ್ಟರೆ ಮಾತ್ರ ಬೇರೆ ರೀತಿ: ಮೊದಲ ಚೀಲ ಎಲ್ಲಿದೆ ಎಂದು ಬರೆದ ಚೀಟಿಯಷ್ಟೇ ಅಣ್ಣನ ಕೈಗೆ. ಆ ಚೀಟಿಯೇ ಪಾಯಿಂಟರ್. ಚೀಟಿ ಹಿಡಿದು ಹೋದ ಅಣ್ಣ ಮೂರನೇ ಚೀಲದಿಂದ ಒಂದು ಸೇರು ತೆಗೆದರೆ ಮಾನ್ವಿಯ ರೈತನ ಭತ್ತವೇ ಕಡಿಮೆಯಾಗುತ್ತದೆ.

ಚೀಲ[2] ಎಂದರೆ *(ಚೀಲ+2), ಅಂದರೆ ಮೊದಲನೆಯದರಿಂದ ಎರಡು ಚೀಲ ದಾಟಿದ ಜಾಗ. ಮೊದಲ ಚೀಲಕ್ಕೆ ಏನೂ ದಾಟಬೇಕಿಲ್ಲ, ಅದಕ್ಕೇ ಅದು ಚೀಲ[0]. 1972ರ ಸುಮಾರಿಗೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸಿ ಕಟ್ಟಿದ ಡೆನ್ನಿಸ್ ರಿಚಿ, ಹಿಂದಿನ ‘ಬಿ’ ಭಾಷೆಯ ಈ ಲೆಕ್ಕವನ್ನು ಬಿಡಲಿಲ್ಲ. ಕೂಡಿಸುವುದೇ ತಾನೇ, 2[ಚೀಲ] ಎಂದರೂ ನಡೆಯುತ್ತದೆ! ಮೇಷ್ಟ್ರು ಬೈದರೆ ನನ್ನ ಹೆಸರು ಹೇಳಬೇಡಿ.

‘ಎಷ್ಟು ಚೀಲ ಅದಾವ್ರಿ ಸಾಹುಕಾರ್ರ? ಚೀಟ್ಯಾಗ ಬರ್ದಿಲ್ಲಲ್ರಿ!’

ಹಮಾಲಣ್ಣನ ತಕರಾರು ಸರಿ. ಫಂಕ್ಷನ್ನಿನ ಆವರಣದಲ್ಲಿ ‘ಇಂಟ್ ಚೀಲ[12]’ ಎಂದು ಬರೆದರೂ ಕಂಪೈಲರ್ ಆ 12ನ್ನು ಕಣ್ಣೆತ್ತಿ ನೋಡದು. ಅದನ್ನು ‘ಇಂಟ್ *ಚೀಲ’ ಎಂದೇ, ಅಂದರೆ ಬರೀ ಚೀಟಿ ಎಂದೇ ಓದಿಕೊಳ್ಳುತ್ತದೆ. ಒಳಗೆ ‘ಸೈಜ್‌ಆಫ್’ ಎಂದು ಅಳತೆ ಕೇಳಿದರೆ ಸಿಗುವುದು 48 ಅಲ್ಲ, ಈಗಿನ ಸಾಮಾನ್ಯ ಕಂಪ್ಯೂಟರುಗಳಲ್ಲಿ 8: ಚೀಟಿಯ ಅಳತೆ. ಕಲಿಯುವಾಗ ಈ 8 ನೋಡಿ ನಾನು ಅರ್ಧ ದಿನ ತಲೆ ಕೆರೆದುಕೊಂಡಿದ್ದೆ.

ಹಾಗಾಗಿ ಚೀಟಿಯ ಜೊತೆ ಎಣಿಕೆಯನ್ನೂ ಕೊಡುತ್ತಾರೆ: ತೂಗು(ಚೀಲ, 12). ತಪ್ಪಿ 13 ಎಂದರೆ? ಬಹಳ ಸಲ ಸಿ ತಡೆಯುವುದೇ ಇಲ್ಲ. ಅಣ್ಣ ಪಕ್ಕದ ಚೀಲವನ್ನೂ ತೂಗಿ ಲೆಕ್ಕಕ್ಕೆ ಸೇರಿಸುತ್ತಾನೆ. ದೇವದುರ್ಗದ ರೈತ ಬಂದು ‘ಅದು ನಮ್ದರೀ’ ಅನ್ನುವ ತನಕ ಯಾರಿಗೂ ಗೊತ್ತಾಗುವುದಿಲ್ಲ.