ಸರಾಸರಿಯ ಮರೆಯಲ್ಲಿ ನಮ್ಮ ಊರು
(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ವಿದ್ಯೆಗಾಗಿ ಈ ನೆಲ ಬಿಟ್ಟು ದೂರದ ಗಂಗರ ನಾಡಿಗೆ ಹೋಗಬೇಕಾಯಿತು. ಸಾವಿರ ವರ್ಷಗಳ ಮೇಲೆ ಅದೇ ಊರಿನ ಮಕ್ಕಳಿಗೆ ಪ್ರೌಢಶಾಲೆ ಮನೆಬಾಗಿಲಿಗೆ ಬಂತು. ಇಂಥ ಸೌಲಭ್ಯ ಯಾವ ಊರಿಗೆ ಮೊದಲು, ಯಾವ ಊರಿಗೆ ಆಮೇಲೆ ಎಂದು ನಿರ್ಧರಿಸುವುದೇ ಯೋಜನೆ.

ನಮ್ಮ ದೇಶದಲ್ಲಿ 1950ರಲ್ಲಿ ಯೋಜನಾ ಆಯೋಗ ಬಂತು. 1969ರಲ್ಲಿ ಗಾಡ್ಗೀಳ್ ಸೂತ್ರದ ಪ್ರಕಾರ ಜನಸಂಖ್ಯೆ, ತಲಾ ಆದಾಯ ಮುಂತಾದವನ್ನು ನೋಡಿ ರಾಜ್ಯಗಳಿಗೆ ನೆರವು ಹಂಚುವ ಕ್ರಮ ಶುರುವಾಯಿತು. 2015ರಲ್ಲಿ ಆಯೋಗದ ಜಾಗಕ್ಕೆ ನೀತಿ ಆಯೋಗ ಬಂತು. ಆ ಸೂತ್ರ ತೂಗಿದ್ದು ರಾಜ್ಯ ರಾಜ್ಯಗಳನ್ನು. ರಾಜ್ಯದ ಒಳಗಿನ ಏರುತಗ್ಗು ಅದರ ಕಣ್ಣಿಗೆ ಬೀಳಲಿಲ್ಲ. ಒಬ್ಬ ನಾಲ್ಕು ರೊಟ್ಟಿ ತಿಂದು, ಇನ್ನೊಬ್ಬ ಉಪವಾಸ ಮಲಗಿದರೂ ಸರಾಸರಿ ಲೆಕ್ಕದಲ್ಲಿ ಇಬ್ಬರೂ ಎರಡೆರಡು ರೊಟ್ಟಿ ಉಂಡಂತೆಯೇ!

ಈ ಮರೆಯನ್ನು ಸರಿಸಿದ್ದು ಡಾ. ಡಿ. ಎಂ. ನಂಜುಂಡಪ್ಪ ಸಮಿತಿ. 2002ರಲ್ಲಿ ವರದಿ ಕೊಟ್ಟ ಈ ಸಮಿತಿ 35 ಸೂಚಕಗಳನ್ನಿಟ್ಟು ಆಗಿನ 175 ತಾಲ್ಲೂಕುಗಳನ್ನು ಅಳೆಯಿತು. 114 ತಾಲ್ಲೂಕುಗಳು ಹಿಂದುಳಿದಿದ್ದವು; ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. 114ರಲ್ಲಿ 59 ಉತ್ತರ ಕರ್ನಾಟಕದವು, 55 ದಕ್ಷಿಣದವು. ಹಿಂದುಳಿದಿರುವಿಕೆ ಒಂದೇ ದಿಕ್ಕಿನದಲ್ಲ ಎಂಬುದನ್ನೂ ವರದಿ ತೋರಿಸಿತು. ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಗಳ ವಿಶೇಷ ಅಭಿವೃದ್ಧಿ ಯೋಜನೆಯನ್ನು ಶಿಫಾರಸು ಮಾಡಿತು.

ಆದರೆ ತಾಲ್ಲೂಕಿಗೂ ಒಂದು ಸರಾಸರಿ ಇದೆಯಲ್ಲ! ಆಗ ರಬಕವಿ-ಬನಹಟ್ಟಿ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. ಅಲ್ಲಿಯ ನೇಕಾರನ ಕಷ್ಟವೂ ಕಬ್ಬು ಬೆಳೆಗಾರನ ಕಷ್ಟವೂ ಜಮಖಂಡಿ ಎಂಬ ಒಂದೇ ಹೆಸರಿನಡಿ ಸೇರಿಹೋದವು. ಮುಧೋಳ ಸೀಮೆಯಲ್ಲೂ ಅಷ್ಟೇ. ಘಟಪ್ರಭೆಯ ನೀರು ಬಂತು, ಕಬ್ಬು ಬಂತು, ಸಕ್ಕರೆ ಕಾರ್ಖಾನೆ ಬಂದವು. ಇದು ದೊಡ್ಡ ಉಪಕಾರವೇ. ಆದರೆ ನೀರು ಹೆಚ್ಚಾಗಿ, ಬಸಿದುಹೋಗಲು ದಾರಿಯಿಲ್ಲದೆ ಸವಳು-ಜವಳಾದ ಹೊಲವೂ ಕಾಗದದ ಮೇಲೆ ‘ನೀರಾವರಿ ಜಮೀನು’ ಎಂದೇ ನಿಲ್ಲುತ್ತದೆ. ಬೆಳೆ ಬಾರದ ಹೊಲದ ಒಡೆಯನೂ ಲೆಕ್ಕದಲ್ಲಿ ಮುಂದುವರಿದವನೇ. ಆ ಹೊಲಕ್ಕೆ ಬೇಕಾದದ್ದು ಇನ್ನೊಂದು ಕಾಲುವೆಯಲ್ಲ, ಬಸಿಗಾಲುವೆ. ಇದನ್ನು ದಿಲ್ಲಿಯೋ ಬೆಂಗಳೂರೋ ತಾನಾಗಿ ತಿಳಿಯಲಾರದು, ಊರೇ ಹೇಳಬೇಕು.

ಹೇಳಲು ದಾರಿ ಇದೆ. ಸಂವಿಧಾನದ 243ಝಡ್‌ಡಿ ವಿಧಿಯ ಪ್ರಕಾರ ಜಿಲ್ಲಾ ಯೋಜನಾ ಸಮಿತಿ ಇರಬೇಕು. ಅದರ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ಪುರಸಭೆಗಳ ಚುನಾಯಿತರಿಂದಲೇ ಆಯ್ಕೆಯಾಗಬೇಕು. ಹಳ್ಳಿ, ಪಟ್ಟಣಗಳ ಯೋಜನೆಗಳನ್ನು ಒಟ್ಟುಗೂಡಿಸಿ ಜಿಲ್ಲೆಯ ಯೋಜನೆ ಸಿದ್ಧಪಡಿಸುವುದು ಅದರ ಕೆಲಸ. ನನ್ನ ದೃಷ್ಟಿಯಲ್ಲಿ ಯೋಜನೆಯ ನಿಜವಾದ ಸುಧಾರಣೆ ಇಲ್ಲಿಂದಲೇ ಆರಂಭವಾಗಬೇಕು. ಮೇಲೆ ಆಯೋಗದ ಹೆಸರು ಬದಲಾದರೆ ಸಾಲದು. ಕೆಳಗಿನಿಂದ ಹೋಗುವ ಲೆಕ್ಕ ಸರಿಯಿರಬೇಕು.

ಆದ್ದರಿಂದ ಈ ಶಾಲೆಗೆ ಒಂದು ಕೋರಿಕೆ. ಪ್ರತಿ ವರ್ಷ ಮಕ್ಕಳು ಗುರುಗಳ ಜೊತೆ ಊರು ಸುತ್ತಲಿ. ಎಷ್ಟು ಹೊಲ ಸವಳಾಗಿದೆ, ಎಷ್ಟು ಹೆಣ್ಣುಮಕ್ಕಳು ಹತ್ತನೆಯ ತರಗತಿಯ ನಂತರ ಓದು ಬಿಟ್ಟರು, ಎಷ್ಟು ಮನೆಯವರು ದುಡಿಯಲು ಹೊರಗೆ ಹೋದರು ಎಂದು ಬರೆದಿಡಲಿ. ಹಳೆಯ ವಿದ್ಯಾರ್ಥಿಗಳಾದ ನಾವು ಆ ಪುಸ್ತಕ ಹಿಡಿದು ಊರಿನ ಸಭೆಯಲ್ಲಿ ನಿಂತು ಕೇಳೋಣ. ಬರಿಗೈಯಲ್ಲಿ ಕೇಳಿದರೆ ಅದು ಬೇಡಿಕೆ. ಲೆಕ್ಕ ಹಿಡಿದು ಕೇಳಿದರೆ ಅದು ಹಕ್ಕು.

ಐವತ್ತು ವರ್ಷ ಈ ಶಾಲೆ ನಮಗೆ ಲೆಕ್ಕ ಕಲಿಸಿದೆ. ಆ ಲೆಕ್ಕ ಇನ್ನು ಊರಿನ ಕೆಲಸಕ್ಕೆ ಬರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.