ಯಶವಂತಪುರಕ್ಕೆ ಬಂದ ರೋಮಿನ ವಿಜಯ

(ರಾಜರಾಜೇಶ್ವರಿನಗರದಲ್ಲಿ ನಾಣ್ಯಾಸಕ್ತರ ಮುಂದೆ ಮಾಡಿದ ಭಾಷಣದ ಬರಹರೂಪ)



ನಮ್ಮ ಬಡಾವಣೆಯಿಂದ ಯಶವಂತಪುರ ಬಹಳ ದೂರವೇನಲ್ಲ. 1891ರಲ್ಲಿ ಅಲ್ಲಿ ರೈಲ್ವೆ ಕೆಲಸಕ್ಕಾಗಿ ನೆಲ ಅಗೆಯುವಾಗ 163 ಬೆಳ್ಳಿ ನಾಣ್ಯಗಳು ದೊರೆತವು. ಆಗಸ್ಟಸ್, ಟಿಬೇರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಕಾಲದ ದಿನಾರಿಯಸ್‌ಗಳವು. 1965ರಲ್ಲಿ ಊರಿನ ಇನ್ನೊಂದು ತುದಿಯಲ್ಲಿ, ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ, ಮತ್ತೆ 256 ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಶಾತವಾಹನರ ನಾಣ್ಯಗಳೊಂದಿಗೆ ರೋಮನ್ ನಾಣ್ಯಗಳು ದೊರೆತಿವೆ. ಸಂಸ್ಕೃತದ ‘ದೀನಾರ’ ಶಬ್ದ ಹುಟ್ಟಿದ್ದು ಈ ದಿನಾರಿಯಸ್‌ನಿಂದಲೇ.

ರೋಮನ್ ನಾಣ್ಯ ಸಂಗ್ರಹಿಸುವವರಿಗೆ ಯುದ್ಧವಿಜಯದ ಚಿತ್ರಗಳ ಮೇಲೆ ವಿಶೇಷ ಮೋಹ. ಅದು ಸಹಜವೇ. ಪತ್ರಿಕೆಯಿಲ್ಲದ ಕಾಲದಲ್ಲಿ ಚಕ್ರವರ್ತಿಯ ಗೆಲುವಿನ ಸುದ್ದಿ ಜನರ ಕೈಗೆ ಬರುತ್ತಿದ್ದುದು ನಾಣ್ಯದ ಮೇಲೆ. ಈಜಿಪ್ಟನ್ನು ಗೆದ್ದಾಗ ಆಗಸ್ಟಸ್ ಮೊಸಳೆಯನ್ನು ಅಚ್ಚು ಹಾಕಿಸಿದ. ಕ್ಲಾಡಿಯಸ್ ಬ್ರಿಟನ್ ಗೆದ್ದು ಕಮಾನನ್ನು ಹಾಕಿಸಿದ. ವೆಸ್ಪೇಸಿಯನ್ನನ ನಾಣ್ಯದಲ್ಲಿ ಖರ್ಜೂರದ ಮರದ ಕೆಳಗೆ ಸೋತ ಜುದೇಯ ಹೆಣ್ಣಾಗಿ ಕುಳಿತು ಅಳುತ್ತಾಳೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವವಳು ವಿಕ್ಟೋರಿಯಾ. ಇಂಗ್ಲೆಂಡಿನ ರಾಣಿಯಲ್ಲ, ಕೈಯಲ್ಲಿ ಮಾಲೆ ಹಿಡಿದ, ರೆಕ್ಕೆಯುಳ್ಳ ವಿಜಯದೇವತೆ. ನಮ್ಮ ಶಾಸನಗಳ ಜಯಲಕ್ಷ್ಮಿಗೆ ಅವಳನ್ನು ಹೋಲಿಸಬಹುದು. ಆದರೆ ಒಂದು ವ್ಯತ್ಯಾಸವುಂಟು. ನಮ್ಮ ವೀರಗಲ್ಲುಗಳಲ್ಲಿ ಅಪ್ಸರೆಯರು ಹೊತ್ತೊಯ್ಯುವುದು ಸತ್ತವನನ್ನು. ವಿಕ್ಟೋರಿಯಾ ಮಾಲೆ ಹಿಡಿಯುವುದು ಬದುಕಿ ಗೆದ್ದವನಿಗೆ.

ದಕ್ಷಿಣ ಭಾರತದ ನಿಧಿಗಳಲ್ಲಿ ಅತಿ ಹೆಚ್ಚು ಕಾಣುವ ಆಗಸ್ಟಸನ ನಾಣ್ಯವನ್ನು ತೆಗೆದುಕೊಳ್ಳಿ. ಹಿಂಬದಿಯಲ್ಲಿ ಇಬ್ಬರು ಹುಡುಗರು, ನಡುವೆ ಗುರಾಣಿ, ಈಟಿ. ಅವರು ಆಗಸ್ಟಸ್ ದತ್ತು ತೆಗೆದುಕೊಂಡ ಮೊಮ್ಮಕ್ಕಳು, ಗೇಯಸ್ ಮತ್ತು ಲೂಸಿಯಸ್. ಮುಂದಿನ ಗೆಲುವುಗಳೆಲ್ಲ ಇವರವು ಎಂದು ಸಾರುವ ನಾಣ್ಯ. ಲೂಸಿಯಸ್ ಕ್ರಿ.ಶ. 2ರಲ್ಲಿ ತೀರಿಕೊಂಡ. ಅರ್ಮೇನಿಯದಲ್ಲಿ ಗಾಯಗೊಂಡ ಗೇಯಸ್ ಕ್ರಿ.ಶ. 4ರಲ್ಲಿ ಸತ್ತ. ಇಬ್ಬರು ಹುಡುಗರೂ ಮಣ್ಣಾದ ಮೇಲೂ ಅವರ ಈಟಿ ಗುರಾಣಿಗಳು ಮೆಣಸಿನ ಬೆಲೆಯಾಗಿ ಕಡಲು ದಾಟುತ್ತಲೇ ಇದ್ದವು.

ಇಲ್ಲಿಯವರಿಗೆ ಆ ಚಿತ್ರದಿಂದ ಏನಾಗಬೇಕಿತ್ತು? ಅವರು ನೋಡಿದ್ದು ತೂಕವನ್ನು. ಪ್ಲಿನಿ ಹೇಳುವ ಕತೆಯಲ್ಲಿ ಸಿಂಹಳದ ರಾಜ ರೋಮನರನ್ನು ಮೆಚ್ಚುವುದು ಅವರ ಯುದ್ಧಗಳಿಗಾಗಿ ಅಲ್ಲ. ಬೇರೆ ಬೇರೆ ಮುಖಗಳಿದ್ದರೂ ದಿನಾರಿಯಸ್‌ಗಳೆಲ್ಲ ಒಂದೇ ತೂಕವಿದ್ದವಲ್ಲ, ಅದಕ್ಕಾಗಿ. ಆಗಸ್ಟಸನ ನಾಣ್ಯ ಸುಮಾರು 3.9 ಗ್ರಾಂ, ಹೆಚ್ಚುಕಡಿಮೆ ಶುದ್ಧ ಬೆಳ್ಳಿ. ಕ್ರಿ.ಶ. 64ರಲ್ಲಿ ನೀರೋ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ. ನಮ್ಮ ನಿಧಿಗಳಲ್ಲಿ ಅದಕ್ಕೂ ಹಿಂದಿನ ನಾಣ್ಯಗಳೇ ತುಂಬಿರುವುದನ್ನು ನೋಡಿದರೆ, ಇಲ್ಲಿನ ಚಿನಿವಾರರು ಕಣ್ಣು ಮುಚ್ಚಿ ಕುಳಿತಿರಲಿಲ್ಲ ಎಂದು ತಿಳಿಯುತ್ತದೆ. 1898ರಲ್ಲಿ ಪುದುಕ್ಕೋಟೆಯಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಿ ಬಹುಪಾಲಿಗೆ ಚಕ್ರವರ್ತಿಯ ಮುಖದ ಮೇಲೆಯೇ ಉಳಿಯ ಗೀರು ಬಿದ್ದಿದೆ. ಮುಂದೆ ನಾಣ್ಯವಾಗಿ ಚಲಾವಣೆಯಾಗದಿರಲೆಂದು ಹಾಗೆ ಕಡಿದರೆಂದು ಹಲವು ವಿದ್ವಾಂಸರ ಊಹೆ.

ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ವಿಕ್ಟೋರಿಯಾ ಬೆರಳುಗುರಿನಷ್ಟು ತಾಮ್ರದ ಬಿಲ್ಲೆಗೆ ಇಳಿದಳು. ತಮಿಳುನಾಡು, ಶ್ರೀಲಂಕಾಗಳಲ್ಲಿ ಸಿಗುವ ಈ ಪುಡಿ ನಾಣ್ಯದಲ್ಲಿ ಅವಳು ಸೆರೆಯಾಳನ್ನು ಎಳೆದೊಯ್ಯುತ್ತಾಳೆ. ಸುತ್ತಲಿನ ಅಕ್ಷರಗಳು ರಾಜ್ಯದ ಕ್ಷೇಮವನ್ನು ಸಾರುತ್ತವೆ. 410ರಲ್ಲಿ ಗಾಥರು ರೋಮನ್ನೇ ಸೂರೆ ಮಾಡಿದರು. ಇನ್ನು ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ದೊರೆತದ್ದು ಚಿನ್ನ, ಅದರಲ್ಲಿ ಐದು ಮತ್ತು ಆರನೆಯ ಶತಮಾನದ ನಾಣ್ಯಗಳೂ ಇವೆ. ಆ ಕಾಲದ ವಿಕ್ಟೋರಿಯಾ ಕ್ರೈಸ್ತಳಾಗಿ ಉದ್ದನೆಯ ಶಿಲುಬೆ ಹಿಡಿದಿದ್ದಳು. ದಕ್ಷಿಣದಲ್ಲಿ ಸಿಕ್ಕ ಇಂಥ ಚಿನ್ನದ ನಾಣ್ಯಗಳಲ್ಲಿ ಅನೇಕವಕ್ಕೆ ಚಕ್ರವರ್ತಿಯ ತಲೆಯ ಮೇಲೆ ಎರಡು ತೂತುಗಳಿವೆ. ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದರು. ಕಾಸಿನ ಸರ ನಮಗೆ ಹೊಸದಲ್ಲ.

ಈಗ ಸಂಗ್ರಾಹಕರಾದ ನಿಮಗೆ ಸ್ವಲ್ಪ ಖಾರವಾದ ಮಾತು. ತೂತು ಬಿದ್ದ, ಗೀರು ಬಿದ್ದ ನಾಣ್ಯಕ್ಕೆ ಸಂತೆಯಲ್ಲಿ ಬೆಲೆ ಕಡಿಮೆ. ವಿಜಯದೇವತೆ ಹೊಳೆಯಬೇಕು, ಮೂಗು ತೀಡಿದಂತಿರಬೇಕು! ನನ್ನ ಮಟ್ಟಿಗೆ ಆ ಗೀರೇ ಅಮೂಲ್ಯ. ನಾಣ್ಯದಲ್ಲಿ ನಮ್ಮ ನೆಲದ ಕೈಬರಹವೆಂದರೆ ಅದೊಂದೇ. ಅದಕ್ಕಿಂತ ಮುಖ್ಯವಾದದ್ದು ನಿಧಿಯ ಒಟ್ಟು ಲೆಕ್ಕ. ಯಶವಂತಪುರದ 163 ಒಟ್ಟಿಗೆ ದಾಖಲಾದದ್ದರಿಂದ ಅವು ಯಾವ ಕಾಲದಲ್ಲಿ ನೆಲ ಸೇರಿದವೆಂದು ಅಂದಾಜು ಮಾಡಬಹುದು. ಅವುಗಳಲ್ಲಿ ಚಂದವಾದ ಹತ್ತನ್ನು ಯಾರೋ ಆರಿಸಿ ಮಾರಿದ್ದರೆ? ಹತ್ತು ಚಿತ್ರಗಳು ಉಳಿಯುತ್ತಿದ್ದವು, ಯಶವಂತಪುರ ಕಳೆದುಹೋಗುತ್ತಿತ್ತು.

ನಮ್ಮ ಸುತ್ತಲೂ ದಿನವೂ ಪಾಯ ಅಗೆಯುತ್ತಿದ್ದಾರೆ. ಜೆಸಿಬಿಯ ಹಲ್ಲಿಗೆ ಮಡಕೆ ಸಿಕ್ಕರೆ ತೊಳೆಯಬೇಡಿ, ಹಂಚಿಕೊಳ್ಳಬೇಡಿ. 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಕೊಳ್ಳುವಾಗ ಎಲ್ಲಿ ಸಿಕ್ಕಿದ್ದು, ಯಾರಿಂದ ಬಂದದ್ದು ಎಂದು ಕೇಳಿ ಬರೆಸಿಕೊಳ್ಳಿ. ಉತ್ತರ ತೊದಲಿದರೆ ಎದ್ದು ಬನ್ನಿ.

ಮೋಸದ ನಾಣ್ಯಗಳೂ ಬೇಕಾದಷ್ಟಿವೆ. ಹಳೆಯ ನಾಣ್ಯ ಅಚ್ಚಿನ ಏಟಿಗೆ ಮೂಡಿದ್ದು. ಎರಕ ಹೊಯ್ದ ನಕಲಿಯ ಅಂಚಿನಲ್ಲಿ ಬೆಸುಗೆಯಂಥ ಗೆರೆ, ಮೈಮೇಲೆ ಗುಳ್ಳೆಯ ಗುರುತು ಕಾಣಬಹುದು. ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಗೀರಿದ್ದರೆ ಅನುಮಾನಪಡಿ. ಮನೆಯಿಂದ ನಾಣ್ಯ ತಂದವರು ಮುಂದೆ ಬನ್ನಿ. ಭೂತಗನ್ನಡಿ, ತಕ್ಕಡಿ ಎರಡೂ ಮೇಜಿನ ಮೇಲಿವೆ. ಮೊದಲು ಅಂಚು ನೋಡೋಣ, ದೇವತೆಯನ್ನು ಆಮೇಲೆ.