ನಳಿಗೆಯ ಮೇಲಿನ ಎರಡಕ್ಷರ

(ಓದುಗರ ಬಳಗವೊಂದರ ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಅಮೆರಿಕದಲ್ಲಿ ಹಳೆಯ ಬೇಟೆ ಕೋವಿಯೊಂದನ್ನು ಕೊಳ್ಳಲು ಅಂಗಡಿಗೆ ಹೋದವನು, ಆ ಕೋವಿ ಮಾರ್ಲಿನ್ ಕಂಪನಿಯದಾಗಿದ್ದರೆ, ಅದನ್ನು ಬೆಳಕಿಗೆ ಹಿಡಿದು ನಳಿಗೆಯು ಒಡಲನ್ನು ಸೇರುವ ಜಾಗದ ಹತ್ತಿರ ಬೆರಳಾಡಿಸುತ್ತಾನೆ. ಅಲ್ಲಿ ಅವರೆಕಾಳಿಗಿಂತ ಚಿಕ್ಕದಾದ ಒಂದು ಮುದ್ರೆ ಇರುತ್ತದೆ. ಮೊಟ್ಟೆಯಾಕಾರದ ಗೆರೆಯೊಳಗೆ ‘ಜೆಎಂ’ ಎಂಬ ಎರಡು ಅಕ್ಷರ ಇದ್ದರೆ ಒಂದು ಬೆಲೆ. ಅದರ ಬದಲು ‘ಆರ್‌ಇಪಿ’ ಎಂದಿದ್ದರೆ ಇನ್ನೊಂದು ಬೆಲೆ. ಎರಡರ ಮೇಲೂ ಮಾರ್ಲಿನ್ ಎಂಬ ಹೆಸರಿದೆ, ಮಾದರಿಯ ಸಂಖ್ಯೆಯೂ ಒಂದೇ. ದೂರದಿಂದ ನೋಡಿದರೆ ಅವಳಿ ಜವಳಿ. ಒಂದೇ ಹೆಸರು ಹೊತ್ತ ಎರಡು ವಸ್ತುಗಳಲ್ಲಿ ಜನ ಒಂದನ್ನು ನಂಬಿ ಇನ್ನೊಂದನ್ನು ಅನುಮಾನಿಸುವಂತಾದದ್ದು ಹೇಗೆ ಎಂಬುದೇ ಇವತ್ತಿನ ನನ್ನ ಮಾತಿನ ವಿಷಯ.

ನಾನು ಕೋವಿ ಹಿಡಿದವನಲ್ಲ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ನಮ್ಮಲ್ಲಿ ಬಹುಮಂದಿಗೆ ಬಂದೂಕು ಎಂದರೆ ಬ್ಯಾಂಕಿನ ಬಾಗಿಲಲ್ಲಿ ಕೂತ ಕಾವಲುಗಾರನ ಮಡಿಲಲ್ಲಿ ಕಾಣುವ ವಸ್ತು, ಅಷ್ಟೇ. ಕೊಡಗಿನವರ ಮಾತು ಬೇರೆ. ಅಲ್ಲಿ ಕೈಲ್ ಪೋಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜಿಸುತ್ತಾರೆ. ಮನೆಯಲ್ಲಿ ಸಾವಾದರೆ ಗುಂಡಿನ ಸದ್ದೇ ಊರಿಗೆ ಸುದ್ದಿ ಮುಟ್ಟಿಸುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿದ್ದು ನಿಮಗೆ ನೆನಪಿರಬಹುದು. ಅಮೆರಿಕದ ಹಳ್ಳಿಗಾಡಿನಲ್ಲೂ ಬೇಟೆ ಕೋವಿ ಹೀಗೆಯೇ ಮನೆಯ ಸಾಮಾನು. ಅಜ್ಜನದು ಮೊಮ್ಮಗನಿಗೆ ಬರುತ್ತದೆ. ಆದ್ದರಿಂದ ಯಾವ ಕಂಪನಿಯದು ಎಂಬ ಪ್ರಶ್ನೆ ಅಲ್ಲಿ ಒಂದು ತಲೆಮಾರಿಗೆ ಮುಗಿಯುವಂಥದಲ್ಲ.

ಜೆಎಂ ಎಂದರೆ ಜಾನ್ ಮಾರ್ಲಿನ್. ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಪಟ್ಟಣದಲ್ಲಿ 1870ರಲ್ಲಿ ಕಂಪನಿ ಕಟ್ಟಿದ ಕುಶಲಕರ್ಮಿ. ಅದೇ ಊರಿನಲ್ಲಿ ವಿಂಚೆಸ್ಟರ್ ಎಂಬ ದೊಡ್ಡ ಕಂಪನಿಯೂ ಇತ್ತು. ಕೌಬಾಯ್ ಚಿತ್ರಗಳನ್ನು ನೋಡಿದವರಿಗೆ ಅದರ ಕೋವಿಯ ಪರಿಚಯವಿದೆ. ಕುದುರೆಯ ಕೆಳಗಿನ ಲಿವರನ್ನು ಒಮ್ಮೆ ಕೆಳಗೆ ತಳ್ಳಿ ಮೇಲೆಳೆದರೆ ಖಾಲಿ ತೋಟಾ ಹೊರಗೆ ಹಾರಿ, ಹೊಸದು ಒಳಗೆ ಕೂರುತ್ತದೆ. (ಇಲ್ಲಿ ಕುದುರೆ ಎಂದರೆ ಟ್ರಿಗರ್. ಕೌಬಾಯ್ ಏರಿದ ಕುದುರೆ ಅಲ್ಲ!) ವಿಂಚೆಸ್ಟರಿನಲ್ಲಿ ಖಾಲಿ ತೋಟಾ ಮೇಲಕ್ಕೆ ಹಾರುತ್ತಿತ್ತು. ಮಾರ್ಲಿನ್ 1889ರ ಮಾದರಿಯಲ್ಲಿ ಅದನ್ನು ಪಕ್ಕಕ್ಕೆ ತಿರುಗಿಸಿ, ಮೇಲ್ಭಾಗವನ್ನು ಪೂರ್ತಿ ಮುಚ್ಚಿದ. ಸಣ್ಣ ಬದಲಾವಣೆಯಂತೆ ಕಾಣುತ್ತದೆ. ಆದರೆ ಮಳೆ, ಕಸ ಒಳಗೆ ಬೀಳುವುದು ಕಡಿಮೆಯಾಯಿತು. ಮುಂದೆ ದೂರದರ್ಶಕ ಕೂರಿಸುವ ಕಾಲ ಬಂದಾಗ ಮೇಲೆ ಜಾಗ ಸಿದ್ಧವಾಗಿಯೇ ಇತ್ತು. ಕಣ್ಣು ಮಂಜಾದ ಮುದುಕ ಬೇಟೆಗಾರರು ಮಾರ್ಲಿನ್ ಕಡೆ ವಾಲಿದ್ದಕ್ಕೆ ಇದೂ ಒಂದು ಕಾರಣ.

ಈ ಕಂಪನಿ ಒಮ್ಮೆ ಸತ್ತು ಬದುಕಿದೆ. 1924ರಲ್ಲಿ ಅದನ್ನು ಹರಾಜಿಗಿಟ್ಟಾಗ ಫ್ರಾಂಕ್ ಕೆನ್ನಾ ಎಂಬ ವಕೀಲ ಕೂಗಿದ್ದು ನೂರು ಡಾಲರ್. ಕಂಪನಿ ಅಷ್ಟಕ್ಕೇ ಅವನ ಪಾಲಾಯಿತು. ಜೊತೆಗೆ ಅದರ ತಲೆಯ ಮೇಲಿದ್ದ ಒಂದು ಲಕ್ಷ ಡಾಲರ್ ಅಡಮಾನದ ಸಾಲವೂ ಬಂತೆನ್ನಿ! ಕಷ್ಟಕಾಲದಲ್ಲಿ ಕೆನ್ನಾ ಗಡ್ಡ ಹೆರೆಯುವ ಬ್ಲೇಡನ್ನೂ ಮಾಡಿಸಿ ಮಾರಿದ. ಕಂಪನಿ ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಆ ಮನೆತನದ ಕೈಯಲ್ಲೇ ಉಳಿಯಿತು. 1948ರಲ್ಲಿ ಬಂದ 336ನೇ ಮಾದರಿ ಜಿಂಕೆ ಬೇಟೆಯವರ ಮನೆಮಾತಾಯಿತು. 1960ರಲ್ಲಿ ಬಂದ ‘ಮಾಡೆಲ್ 60’ ಎಂಬ ಪುಟ್ಟ ಕೋವಿ ಒಂದು ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತು. ಮಾರ್ಲಿನ್ ಶ್ರೀಮಂತರ ಕೋವಿಯಾಗಿರಲಿಲ್ಲ. ರೈತ, ಲಾರಿ ಚಾಲಕ, ಶಾಲಾ ಮಾಸ್ತರ ಇವರ ಕೋವಿ.

ಇಲ್ಲಿ ಆ ಮುದ್ರೆಯ ಅರ್ಥವನ್ನು ಸ್ವಲ್ಪ ಬಿಡಿಸಬೇಕು. ಹೊಸ ನಳಿಗೆಯಲ್ಲಿ ವಾಡಿಕೆಗಿಂತ ಬಲವಾದ ತೋಟಾ ಹಾಕಿ ಹಾರಿಸಿ, ಅದು ಬಿರಿಯದೆ ಉಳಿದರೆ ಮುದ್ರೆ ಒತ್ತುತ್ತಾರೆ. ಇಂಗ್ಲೆಂಡಿನಲ್ಲಿ ಈ ಪರೀಕ್ಷೆ ಕಾನೂನಿನ ಕಟ್ಟಳೆ. ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಗೃಹ ಒಪ್ಪದೆ ಕೋವಿ ಮಾರುವಂತಿಲ್ಲ. ಅಮೆರಿಕದಲ್ಲಿ ಅಂಥ ಕಟ್ಟಳೆಯಿಲ್ಲ. ತಯಾರಕನೇ ಪರೀಕ್ಷಿಸಿ, ತಯಾರಕನೇ ಮುದ್ರೆ ಒತ್ತುತ್ತಾನೆ. ಅಷ್ಟೇ ಅಲ್ಲ. ಅಲ್ಲಿ ಗ್ರಾಹಕ ವಸ್ತುಗಳ ಸುರಕ್ಷತೆಗೆಂದೇ ಒಂದು ಕೇಂದ್ರ ಆಯೋಗವಿದೆ. ಬ್ರೆಡ್ ಸುಡುವ ಯಂತ್ರದಲ್ಲಿ ಕಿಡಿ ಹಾರಿದರೆ, ಮಗುವಿನ ತೊಟ್ಟಿಲಿನ ಸರಳು ಸಡಿಲಾದರೆ ಮಾಲನ್ನು ವಾಪಸು ತರಿಸುವ ಅಧಿಕಾರ ಅದಕ್ಕುಂಟು. 1970ರ ದಶಕದಲ್ಲಿ ಕಾನೂನು ಮಾಡುವಾಗ ಬಂದೂಕು, ಗುಂಡುಗಳನ್ನು ಮಾತ್ರ ಅದರ ಕೈಗೆ ಸಿಗದಂತೆ ಹೊರಗಿಟ್ಟರು. ಆಯುಧ ಹೊಂದುವ ಹಕ್ಕಿನ ಮೇಲೆ ಸರ್ಕಾರ ಅಡ್ಡದಾರಿಯಿಂದ ಕೈ ಹಾಕೀತು ಎಂಬ ಶಂಕೆ. ಹೀಗಾಗಿ ಕೊಂಡವನಿಗೆ ಉಳಿದ ಜಾಮೀನು ಒಂದೇ, ತಯಾರಕನ ಹೆಸರು. ಕೆಟ್ಟರೆ ಅವನೇ ಸರಿಮಾಡಿಕೊಡಬೇಕು, ಇಲ್ಲವೇ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು.

ಆ ಹೆಸರನ್ನು 2007ರ ಕೊನೆಯಲ್ಲಿ ಮಾರಲಾಯಿತು. ಕೊಂಡದ್ದು ರೆಮಿಂಗ್ಟನ್. ನಮ್ಮ ತಂದೆ ತಾಯಿಯರ ಕಾಲದವರಿಗೆ ಈ ಹೆಸರು ಕಚೇರಿಯ ಬೆರಳಚ್ಚು ಯಂತ್ರದ ಮೂಲಕ ಪರಿಚಿತ. ಆ ಯಂತ್ರ ಮೊದಲು ತಯಾರಾದದ್ದು ನ್ಯೂಯಾರ್ಕ್ ರಾಜ್ಯದ ಇಲಿಯನ್ ಎಂಬ ಊರಿನ ಇದೇ ಬಂದೂಕು ಕಾರ್ಖಾನೆಯಲ್ಲಿ, 1870ರ ದಶಕದಲ್ಲಿ. ಆಮೇಲೆ ಎರಡೂ ಬೇರೆಯಾದವು. 1816ರಲ್ಲಿ ಶುರುವಾದ ಈ ರೆಮಿಂಗ್ಟನ್ ಕೂಡ 2007ರ ಹೊತ್ತಿಗೆ ಸ್ವತಂತ್ರವಾಗಿರಲಿಲ್ಲ. ಅದೇ ವರ್ಷ ಅದನ್ನು ಸರ್ಬೆರಸ್ ಎಂಬ ಬಂಡವಾಳ ಸಂಸ್ಥೆ ಕೊಂಡಿತ್ತು. ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರು ಅದು. ತಾವೇ ಆರಿಸಿಕೊಂಡ ಹೆಸರು, ನಾವೇನೂ ಇಟ್ಟಿದ್ದಲ್ಲ. ಇಂಥ ಸಂಸ್ಥೆಗಳ ವ್ಯವಹಾರ ಸರಳ. ಕಂಪನಿಗಳನ್ನು ಕೊಂಡು ಒಂದು ಕಟ್ಟು ಮಾಡುವುದು, ಖರ್ಚು ಇಳಿಸುವುದು, ಸಾಲವನ್ನು ಕೊಂಡ ಕಂಪನಿಗಳ ತಲೆಗೇ ಕಟ್ಟುವುದು, ಬೆಲೆ ಬಂದಾಗ ಮಾರುವುದು.

ಖರ್ಚು ಇಳಿಸುವ ಲೆಕ್ಕದಲ್ಲಿ ಮಾರ್ಲಿನ್ನಿನ ನಾರ್ತ್ ಹೇವನ್ ಕಾರ್ಖಾನೆ ಹೆಚ್ಚುವರಿಯಾಗಿ ಕಂಡಿತು. ಮುಚ್ಚುವ ಘೋಷಣೆ 2010ರಲ್ಲಿ, ಮುಚ್ಚಿದ್ದು 2011ರಲ್ಲಿ. ಇನ್ನೂರಕ್ಕೂ ಹೆಚ್ಚು ಮಂದಿಯ ಕೆಲಸ ಹೋಯಿತು. ಲೇತುಗಳನ್ನೂ ಕೊರೆಯುವ ಯಂತ್ರಗಳನ್ನೂ ಲಾರಿಗೆ ಹೇರಿ ಇಲಿಯನ್ನಿಗೆ ಸಾಗಿಸಿದರು. ಅವುಗಳಲ್ಲಿ ಎಷ್ಟೋ ದಶಕಗಳಷ್ಟು ಹಳೆಯವು, ಸವೆದವು.

ಯಂತ್ರವನ್ನು ಅಲ್ಲಿ ನಿಲ್ಲಿಸಿ, ನಕ್ಷೆಯನ್ನು ಮುಂದಿಟ್ಟುಕೊಂಡು ಕೆಲಸ ಶುರು ಮಾಡಿದಾಗ ಗೊತ್ತಾಯಿತು, ನಕ್ಷೆಗೂ ಕೋವಿಗೂ ತಾಳೆಯಾಗುತ್ತಿಲ್ಲ. ಸವೆದ ಯಂತ್ರ ಎಷ್ಟು ಎಡಕ್ಕೆ ಎಳೆಯುತ್ತದೆ, ಯಾವ ತುಂಡನ್ನು ಎಷ್ಟು ಬಿಗಿ ಹಿಡಿಯಬೇಕು, ಎಲ್ಲಿ ಅರ ಹಾಕಿ ಎರಡು ಸಲ ಉಜ್ಜಬೇಕು ಎಂಬುದೆಲ್ಲ ನಾರ್ತ್ ಹೇವನ್ನಿನ ಟರ್ನರು, ಫಿಟ್ಟರುಗಳ ಕೈಯಲ್ಲಿತ್ತು. ಅದನ್ನು ಯಾರೂ ಕಾಗದದ ಮೇಲೆ ಬರೆದಿರಲಿಲ್ಲ. ನಮ್ಮ ಮುದ್ರಣ ವಿಭಾಗದ ಹಿರಿಯರೊಬ್ಬರು ಹೇಳುತ್ತಿದ್ದ ಮಾತು ಇಲ್ಲಿ ನೆನಪಾಗುತ್ತದೆ. ಹಳೆಯ ಅಚ್ಚಿನ ಯಂತ್ರವೊಂದರ ಉರುಳೆಯ ಕೆಳಗೆ ಮಡಿಸಿದ ರಟ್ಟಿನ ಚೂರೊಂದು ಇರುತ್ತಿತ್ತಂತೆ. ಶುಚಿ ಮಾಡಲು ಬಂದ ಹೊಸ ಹುಡುಗ ಕಸವೆಂದು ಅದನ್ನು ಎಳೆದು ಬಿಸಾಡಿದ. ಮರುದಿನದ ಪತ್ರಿಕೆಯ ಅರ್ಧ ಪುಟ ಮಸಿ ಮಸಿ!

ಇಲಿಯನ್ನಿನಿಂದ ಹೊರಬಂದ ಮೊದಮೊದಲ ಮಾರ್ಲಿನ್‌ಗಳ ದೂರುಗಳ ಪಟ್ಟಿ ಉದ್ದ. ಮರದ ಹಿಡಿ ಮತ್ತು ಲೋಹದ ನಡುವೆ ಬೆರಳುಗುರು ತೂರುವಷ್ಟು ಸಂದು. ಗುರಿ ನೋಡುವ ಮೊನೆ ನೆಟ್ಟಗಿಲ್ಲದೆ ಒಂದು ಕಡೆಗೆ ವಾಲಿರುವುದು. ಲಿವರ್ ಎಳೆದರೆ ಮರಳು ಸಿಕ್ಕಿದಂತೆ ಕರಕರ. ತೋಟಾ ಒಳಗೆ ಹೋಗದೆ ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುವುದು. ಕೊಂಡವರು ಈ ಕೋವಿಗಳಿಗೆ ‘ರೆಮ್ಲಿನ್’ ಎಂದು ಅಡ್ಡಹೆಸರಿಟ್ಟರು. ಮುದ್ರೆ ನೋಡಿ ಕೊಳ್ಳುವ ಅಭ್ಯಾಸ ಬೆಳೆದದ್ದು ಆಗ. ಕಂಪನಿ ಸುಮ್ಮನೆ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಬರೆಸಿ, ಹೊಸ ಯಂತ್ರ ತರಿಸಿ, ಕೆಲವು ವರ್ಷಗಳಲ್ಲಿ ಗುಣಮಟ್ಟವನ್ನು ಸಾಕಷ್ಟು ಮೇಲೆತ್ತಿತು. ಆದರೆ ಅಷ್ಟರಲ್ಲಿ ಮಾತು ಊರು ಸುತ್ತಿಯಾಗಿತ್ತು.

ನ್ಯೂ ಹೇವನ್ನಿಗೆ ಇದು ಹೊಸ ಪಾಠವೂ ಅಲ್ಲ. ವಿಂಚೆಸ್ಟರ್ ಕಂಪನಿ 1964ರಲ್ಲಿ ಖರ್ಚು ತಗ್ಗಿಸಲು ತನ್ನ ಹೆಸರಾಂತ ಮಾದರಿಗಳನ್ನು ಬದಲಿಸಿತು. ಕಡೆದು ಮಾಡುತ್ತಿದ್ದ ಭಾಗಗಳ ಜಾಗಕ್ಕೆ ತಗಡನ್ನು ಒತ್ತಿ ಮಾಡಿದ ಭಾಗಗಳು ಬಂದವು. ಹಿಡಿಯ ಮೇಲೆ ಕೈಯಿಂದ ಕೆತ್ತುತ್ತಿದ್ದ ಗೆರೆಗಳನ್ನು ಅಚ್ಚು ಒತ್ತಿ ಮೂಡಿಸಿದರು. ‘64ಕ್ಕೆ ಮುಂಚಿನದು’ ಎಂಬ ಮಾತು ಅಂದಿನಿಂದ ಇಂದಿನವರೆಗೂ ಹಳೆ ಕೋವಿಗಳ ಮಾರುಕಟ್ಟೆಯಲ್ಲಿ ಬೆಲೆ ಏರಿಸುತ್ತಲೇ ಇದೆ. 1992ರಲ್ಲಿ ಹಳೆಯ ರಚನೆಯನ್ನು ಒಂದು ಮಾದರಿಗೆ ಮರಳಿ ತಂದರೂ ಆ ಮಾತು ಅಳಿಯಲಿಲ್ಲ. ಅಲ್ಲಿನ ಕಾರ್ಖಾನೆ 2006ರ ಮಾರ್ಚ್‌ನಲ್ಲಿ ಮುಚ್ಚಿತು.

ಹಿಡಿಯಲ್ಲಿ ಸಂದು ಬಿಟ್ಟರೆ ಯಾರೂ ಸಾಯುವುದಿಲ್ಲ, ನಿಜ. ಆದರೆ ಇದೇ ರೆಮಿಂಗ್ಟನ್ನಿನ ಇನ್ನೊಂದು ಪ್ರಕರಣ ಕೇಳಿ. 1962ರಿಂದ ಮಾರಾಟವಾದ ‘ಮಾಡೆಲ್ 700’ ಅಮೆರಿಕದ ಅತ್ಯಂತ ಜನಪ್ರಿಯ ಬೇಟೆ ರೈಫಲ್‌ಗಳಲ್ಲಿ ಒಂದು. ಬೆರಳು ಮುಟ್ಟದಿದ್ದರೂ, ಸುರಕ್ಷತಾ ಗುಂಡಿ ಸರಿಸಿದ ಮಾತ್ರಕ್ಕೆ ಅದು ಹಾರುತ್ತದೆ ಎಂಬ ದೂರುಗಳು ದಶಕಗಳ ಕಾಲ ಬಂದವು. ಜನ ಗಾಯಗೊಂಡರು, ಸತ್ತರು. ಮೊಕದ್ದಮೆಗಳು ನಡೆದವು. ಅದರ ಟ್ರಿಗರ್ ರೂಪಿಸಿದ ಎಂಜಿನಿಯರ್ ಮೈಕ್ ವಾಕರ್ 1948ರಲ್ಲೇ ಇನ್ನೂ ಸುರಕ್ಷಿತವಾದ ರಚನೆಯೊಂದನ್ನು ಕಂಪನಿಯ ಮುಂದಿಟ್ಟಿದ್ದರೆಂದೂ, ಅದಕ್ಕೆ ಕೋವಿಯೊಂದಕ್ಕೆ ಐದೂವರೆ ಸೆಂಟ್ ಹೆಚ್ಚು ಖರ್ಚಾಗುತ್ತಿತ್ತೆಂದೂ ಹೊರಬಿದ್ದದ್ದು 2010ರಲ್ಲಿ, ಒಂದು ಟೆಲಿವಿಷನ್ ತನಿಖೆಯಿಂದ. ಸಮೂಹ ಮೊಕದ್ದಮೆಯೊಂದರ ರಾಜಿಯಲ್ಲಿ ಟ್ರಿಗರ್ ಬದಲಿಸಿಕೊಡಲು ಕಂಪನಿ ಒಪ್ಪಿತು, ದೋಷವನ್ನು ಮಾತ್ರ ಒಪ್ಪಲಿಲ್ಲ. 75 ಲಕ್ಷದಷ್ಟು ಕೋವಿಗಳಿಗೆ ಅನ್ವಯಿಸುವ ಆ ರಾಜಿಯಡಿ ಮುಂದೆ ಬಂದ ಕೋರಿಕೆಗಳು ತೀರಾ ಕಡಿಮೆ. ಈ ಇಡೀ ಅವಧಿಯಲ್ಲಿ ಕೋವಿಗಳನ್ನು ವಾಪಸು ತರಿಸಿ ಎಂದು ಆಜ್ಞಾಪಿಸಬಲ್ಲ ಗ್ರಾಹಕ ಸುರಕ್ಷತಾ ಕಚೇರಿಯೊಂದು ಆ ದೇಶದಲ್ಲಿ ಇರಲಿಲ್ಲ. ಒಬ್ಬ ವರದಿಗಾರನಾಗಿ ನನ್ನನ್ನು ಕಾಡುವುದು ಇದೇ. ಐದೂವರೆ ಸೆಂಟಿನ ವಿಷಯ ಸುದ್ದಿಮನೆಗೆ ಬರಲು 62 ವರ್ಷ ಬೇಕಾಯಿತು.

ಮುಂದಿನದು ವೇಗವಾಗಿ ನಡೆಯಿತು. 2012ರ ಡಿಸೆಂಬರ್‌ನಲ್ಲಿ ಇದೇ ಕನೆಕ್ಟಿಕಟ್‌ನ ನ್ಯೂಟೌನ್ ಊರಿನ ಶಾಲೆಯಲ್ಲಿ 20 ಮಕ್ಕಳನ್ನೂ ಆರು ಮಂದಿ ಸಿಬ್ಬಂದಿಯನ್ನೂ ಕೊಲ್ಲಲು ಬಳಕೆಯಾದ ರೈಫಲ್, ಸರ್ಬೆರಸ್‌ನ ಇದೇ ಕಟ್ಟಿಗೆ ಸೇರಿದ ಬುಶ್‌ಮಾಸ್ಟರ್ ಕಂಪನಿಯದು. ಬಂದೂಕು ಕಂಪನಿಗಳನ್ನು ಮಾರಿಬಿಡುತ್ತೇವೆಂದು ಸರ್ಬೆರಸ್ ಆಗ ಪ್ರಕಟಿಸಿತು. ಮಾರಾಟ ಕುದುರಲಿಲ್ಲ. 2014ರಲ್ಲಿ ಬಂದ ಆರ್51 ಎಂಬ ಹೊಸ ಪಿಸ್ತೂಲನ್ನು ರೆಮಿಂಗ್ಟನ್ ಅದೇ ವರ್ಷ ಹಿಂದಕ್ಕೆ ಪಡೆಯಬೇಕಾಯಿತು. ಅದು ಮತ್ತೆ ಮಾರುಕಟ್ಟೆಗೆ ಬಂದದ್ದು 2016ರಲ್ಲಿ. 2018ರಲ್ಲಿ ರೆಮಿಂಗ್ಟನ್ ದಿವಾಳಿ ಅರ್ಜಿ ಹಾಕಿ 70 ಕೋಟಿ ಡಾಲರಿಗೂ ಮೀರಿದ ಸಾಲದ ಹೊರೆ ಇಳಿಸಿಕೊಂಡಿತು. 2020ರಲ್ಲಿ ಇನ್ನೊಮ್ಮೆ ದಿವಾಳಿ. ಈ ಸಲ ಕಂಪನಿಯನ್ನು ತುಂಡು ತುಂಡಾಗಿ ಹರಾಜು ಹಾಕಿದರು. ಗುಂಡಿನ ವ್ಯಾಪಾರ ಒಬ್ಬರಿಗೆ, ರೆಮಿಂಗ್ಟನ್ ಕೋವಿ ಇನ್ನೊಬ್ಬರಿಗೆ, ಮಾರ್ಲಿನ್ ರೂಗರ್ ಎಂಬ ಕಂಪನಿಗೆ. ಇಲಿಯನ್ನಿನ 585 ಕೆಲಸಗಾರರನ್ನು ಮನೆಗೆ ಕಳಿಸಲಾಯಿತು. ಹೊಸ ಮಾಲೀಕರು ಅಲ್ಲಿ ಒಂದಿಷ್ಟು ಕೆಲಸ ಮತ್ತೆ ಶುರು ಮಾಡಿದರೂ 2024ರ ಮಾರ್ಚ್‌ನಲ್ಲಿ ಆ ಕಾರ್ಖಾನೆಯೂ ಮುಚ್ಚಿತು. ನಾರ್ತ್ ಹೇವನ್ನಿನ ಕೆಲಸ ಯಾವ ಊರಿಗೆ ಹೋಗಿತ್ತೋ ಆ ಊರಿಗೂ ಅದೇ ಗತಿ.

ರೂಗರ್ ಅವಸರ ಮಾಡಲಿಲ್ಲ. ಯಂತ್ರ, ನಕ್ಷೆಗಳನ್ನು ನಾರ್ತ್ ಕರೊಲಿನಾದ ಮೇಯೊಡನ್ ಕಾರ್ಖಾನೆಗೆ ತರಿಸಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಸಿದ್ಧತೆ ಮಾಡಿ, 2021ರ ಡಿಸೆಂಬರ್‌ನಲ್ಲಿ ಮೊದಲ ಕೋವಿ ಹೊರಬಿಟ್ಟಿತು. ಒಂದೇ ಒಂದು ಮಾದರಿ. ಕೈಗೆ ತೆಗೆದುಕೊಂಡವರು ಮೆಚ್ಚಿದರು. ಅದರ ಕ್ರಮಸಂಖ್ಯೆ ‘ಆರ್‌ಎಂ’ ಎಂಬ ಅಕ್ಷರಗಳಿಂದ ಶುರುವಾಗುತ್ತದೆ. ಕೊಳ್ಳುವವರು ಈಗ ಆ ಅಕ್ಷರಗಳನ್ನೂ ಹುಡುಕಲು ಕಲಿತಿದ್ದಾರೆ.

ಹಾಗಾದರೆ ನಡುವಿನ ವರ್ಷಗಳ ಕೋವಿಗಳ ಗತಿ? ರೂಗರ್ ಕೊಂಡದ್ದು ಹೆಸರು ಮತ್ತು ಯಂತ್ರಗಳನ್ನು. ಹಿಂದಿನವರು ಕೊಟ್ಟ ಮಾತನ್ನು ಅದು ಕೊಂಡಿಲ್ಲ. ತಾನು ತಯಾರಿಸದ ಮಾರ್ಲಿನ್‌ಗಳನ್ನು ರಿಪೇರಿ ಮಾಡುವುದಿಲ್ಲ ಎಂದು ಅದು ನೇರವಾಗಿಯೇ ತಿಳಿಸಿದೆ. ರೆಮಿಂಗ್ಟನ್ ಹೆಸರು ಕೊಂಡವರು ಕೂಡ ದಿವಾಳಿಗೆ ಮುಂಚಿನ ಕೋವಿಗಳ ಹೊಣೆ ಹೊರಲಿಲ್ಲ. ಜೆಎಂ ಮುದ್ರೆಯ ಕೋವಿಗೂ ಇಂದು ಕಾರ್ಖಾನೆಯ ಆಸರೆಯಿಲ್ಲ, ಆದರೆ ಅದಕ್ಕೆ ಆ ಆಸರೆ ಬೇಕಾಗುವುದು ಅಪರೂಪ. ಆರ್‌ಇಪಿ ಮುದ್ರೆಯ ಕೋವಿ ಹೊತ್ತವನು ಅದನ್ನು ತನ್ನ ಊರಿನ ಕೋವಿ ರಿಪೇರಿಯವನ ಬಳಿ ಒಯ್ಯುತ್ತಾನೆ. ಅವನು ಅದನ್ನು ಬಿಚ್ಚಿ, ಒಂದೊಂದೇ ಭಾಗವನ್ನು ಬೆಳಕಿಗೆ ಹಿಡಿದು ನೋಡಿ, ಅರ ತೆಗೆದುಕೊಂಡು ಉಜ್ಜಲು ಕೂರುತ್ತಾನೆ.